ಸಾಹುಕಾರನ ಆರೈಕೆ

ಮಾರ್ಚ್ ೬

ಅಕ್ಕಾ,

ನಿನ್ನ ಸಾಹುಕಾರ ಬಂದು ಇಳಿದ. ಲಾರಿಯ ಹಲಗೆ ಮೇಲೆ ಒಂದು ಕಾಲಿಟ್ಟು, ಸ್ವಾಗತಕ್ಕೆ ಯಾರ್ಯಾರು ಬಂದಿದ್ದಾರೆ ಎಂದು ನೋಡುವವನ ಹಾಗೆ ನಿಂತು, ಆಮೇಲೆ ಗತ್ತಿನಲ್ಲಿ ಇಳಿದ. ಕುದುರೆಗೆ ಇಂಥ ಹೆಸರು ಯಾಕಿಟ್ಟೆ ಅಂತ ಈಗ ಗೊತ್ತಾಯಿತು. ಮೈಗೆ ಒಂದು ಗೀರೂ ಆಗಿಲ್ಲ. ಬಂದ ದಿನವೇ ಬಕೆಟ್ ಖಾಲಿ ಮಾಡಿದ. ನಮ್ಮ ಲಾಯ ಅವನಿಗೆ ಹಿಡಿಸಿದ ಹಾಗಿದೆ, ನೀನು ಏನೂ ಯೋಚನೆ ಮಾಡಬೇಡ.

ಫೋನ್ ಮಾಡದೆ ಕಾಗದ ಬರೆಯುತ್ತಿದ್ದೇನೆ ಅಂತ ಬೇಸರ ಪಟ್ಟುಕೊಳ್ಳಬೇಡ. ಫೋನಿನಲ್ಲಿ ಮೂರನೇ ಮಾತಿಗೆ ನಮ್ಮಿಬ್ಬರಿಗೂ ಜಗಳ ಹತ್ತಿಕೊಳ್ಳುತ್ತದೆ. ಕಾಗದದಲ್ಲಾದರೆ ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಬಾಯಿ ಹಾಕುವ ಹಾಗಿಲ್ಲ.

ನಮ್ಮ ಕೇಂದ್ರದ ಕೆಲಸ ನಿನಗೆ ಗೊತ್ತೇ ಇದೆ. ಲಕ್ವ ಹೊಡೆದವರು, ನಡಿಗೆ ತಪ್ಪಿದವರು ಬಂದು ಕುದುರೆ ಮೇಲೆ ಕೂತು ಮೈಯ ಹಿಡಿತವನ್ನು ಮತ್ತೆ ಕಲಿಯುತ್ತಾರೆ. ಅದಕ್ಕೆ ತಲೆ ಅಲುಗಿಸದೆ ನಡೆಯುವ ಕುದುರೆಯೇ ಬೇಕು. ಸಾಹುಕಾರ ತಲೆ ಒದರುತ್ತಾನೆ ಅಂತ ನೀನು ಹೇಳಿದ್ದನ್ನು ಮುಖ್ಯಸ್ಥೆಯ ಹತ್ತಿರ ಮುಚ್ಚಿಡಲಿಲ್ಲ. ಅವರು ಜೂನ್ ಕೊನೆಗೆ ಪರೀಕ್ಷೆ ಇಟ್ಟಿದ್ದಾರೆ. "ಪಾಸಾದ್ರೆ ನಮ್ಮವನು. ಇಲ್ಲಾಂದ್ರೆ ಸ್ಟೇಷನ್ ಹತ್ರ ಸವಾರಿ ಗಾಡಿ ಓಡಿಸ್ತಾರಲ್ಲ, ಅವರು ಆಗ್ಲೇ ಕೇಳ್ತಿದ್ದಾರೆ," ಅಂದರು. ಹಾಗಾಗಿ ಸೋಮವಾರದಿಂದಲೇ ತರಬೇತಿ ಶುರು ಮಾಡುತ್ತೇನೆ.

ಚಿಕ್ಕಂದಿನಲ್ಲಿ ನೀನು ಹಾಕಿ ಬಿಟ್ಟ ಫ್ರಾಕು, ತುಳಿದು ಬಿಟ್ಟ ಸೈಕಲ್ಲು ಎಲ್ಲ ನನ್ನ ಪಾಲಿಗೇ ಬಂದವು. ಕುದುರೆಯೂ ಬರುತ್ತದೆ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಸೊಂಟ ಹೇಗಿದೆ?

ನಿನ್ನ
ಮೊಂಡಿ

*

ಮಾರ್ಚ್ ೧೧

ಮೊಂಡಿ,

ಸೋಮವಾರವೂ ಬೇಡ, ಮಂಗಳವಾರವೂ ಬೇಡ. ಈ ಕಾಗದ ತಲುಪುವ ಹೊತ್ತಿಗೆ ಜೀನು ಹಾಕಿದ್ದರೆ ಇಳಿಸಿಬಿಡು. ಹೊಸ ಜಾಗಕ್ಕೆ ಬಂದ ಕುದುರೆಯ ಬೆನ್ನನ್ನು ಮೊದಲ ವಾರವೇ ಹತ್ತುವುದು ಎಂದರೆ, ಮನೆಗೆ ಬಂದ ನೆಂಟರ ಕೈಗೆ ಕಾಫಿ ಲೋಟದ ಬದಲು ಪೊರಕೆ ಕೊಟ್ಟ ಹಾಗೆ.

ಮೊದಲು ಅವನನ್ನು ನಿಮ್ಮ ಬೇರೆ ಕುದುರೆಗಳಿಂದ ದೂರ ಕಟ್ಟು. ಮೂರು ವಾರವಾದರೂ ಬೇರೆಯೇ ಇರಲಿ. ದಾರಿಯಲ್ಲಿ ಶೀತ, ಗಂಟಲ ಬಾವು ಏನು ಅಂಟಿಸಿಕೊಂಡಿದ್ದಾನೋ ಯಾರಿಗೆ ಗೊತ್ತು. ಅವನ ಬಕೆಟ್ಟು, ಬ್ರಷ್ಷು ಬೇರೆ. ಅವನನ್ನು ಮುಟ್ಟಿದ ಕೈಯಲ್ಲಿ ಬೇರೆಯವನ್ನು ಮುಟ್ಟಬೇಡ. ಬೆಳಿಗ್ಗೆ ಸಂಜೆ ಜ್ವರ ನೋಡು. ಲದ್ದಿಯನ್ನು ಪರೀಕ್ಷೆಗೆ ಕಳಿಸು, ಹೊಟ್ಟೆಯಲ್ಲಿ ಹುಳವಿದ್ದರೆ ಎಷ್ಟು ತಿನ್ನಿಸಿದರೂ ಅದು ಹುಳದ ಪಾಲು. ಲಸಿಕೆಯ ಚೀಟಿ ಡಾಕ್ಟರಿಗೆ ತೋರಿಸು. ನಾನು ಕಳಿಸಿದ ಮೂಟೆಯ ಮೇವನ್ನು ನಿಮ್ಮ ಮೇವಿನ ಜೊತೆ ಸ್ವಲ್ಪಸ್ವಲ್ಪ ಬೆರೆಸಿ ರೂಢಿ ಮಾಡಿಸು, ಒಮ್ಮೆಲೇ ಬದಲಾಯಿಸಿದರೆ ಹೊಟ್ಟೆನೋವು ಬರುತ್ತದೆ.

ಬಕೆಟ್ ಖಾಲಿ ಮಾಡಿದ ಅಂತ ಬರೆದಿದ್ದೀಯ. ಸಂತೋಷ. ಕಳೆದ ವರ್ಷ ನಾನು ಬಿದ್ದು ಆಸ್ಪತ್ರೆ ಸೇರಿದಾಗ ಲಾಯದವನು ಇಟ್ಟದ್ದನ್ನು ಅವನು ಮೂಸಿಯೂ ನೋಡಿರಲಿಲ್ಲ. ಈಗ ಪ್ರಯಾಣದ ಹಸಿವು ಇದ್ದಿರಬೇಕು, ಹಸಿದ ಹೊಟ್ಟೆ ಯಾರ ಕೈ ಅಂತ ನೋಡುವುದಿಲ್ಲವಲ್ಲ.

ಇಲ್ಲಿ ಮಗನ ಮನೆಯಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ನಾಲ್ಕನೇ ಮಹಡಿ. ಸೊಸೆ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಟ್ಟಿದ್ದಾಳೆ. ಕೆಳಗೆ ಕಾರುಗಳು ನಿಂತಿರುತ್ತವೆ. ಅವಕ್ಕೆ ಯಾರೂ ಮೈ ಉಜ್ಜಬೇಕಿಲ್ಲ, ಮೇವು ಹಾಕಬೇಕಿಲ್ಲ. ಇಷ್ಟು ವರ್ಷ ಹತ್ತು ಕುದುರೆ ಕಟ್ಟಿ ಸವಾರಿ ಶಾಲೆ ನಡೆಸಿದವಳ ಕೈ ಈಗ ಸೋಪಿನ ವಾಸನೆ ಹೊಡೆಯುತ್ತದೆ.

ಅಕ್ಕ

*

ಮಾರ್ಚ್ ೩೧

ಅಕ್ಕಾ,

ನಿನ್ನ ಕಾಗದ ಬಂದಾಗ ಜೀನು ಹಾಕಿರಲಿಲ್ಲ, ಬೈಯಬೇಡ. ಮುಖ್ಯಸ್ಥೆಗೆ ಓದಿ ಹೇಳಿದೆ. "ನಿಮ್ಮ ಅಕ್ಕ ಹೇಳೋದು ಸರಿಯಾಗೇ ಇದೆ. ಆದ್ರೆ ಜೂನು ಮುಂದೆ ಹೋಗಲ್ಲ," ಅಂದರು. ಹಿತ್ತಿಲಿನ ಹಳೆಯ ಗೋದಾಮನ್ನು ತೊಳೆದು, ಒಣಹುಲ್ಲು ಹಾಸಿ ಅಲ್ಲಿ ಕಟ್ಟಿದೆವು. ಸೋಂಕು ಹರಡಬಾರದು ಅಂತ ಬೇರೆ ಯಾರನ್ನೂ ಒಳಗೆ ಬಿಡಲಿಲ್ಲ. ಹತ್ತಿರ ಹತ್ತಿರ ಮೂರು ವಾರ ನಾನು ಮತ್ತು ಅವನು, ಅಷ್ಟೇ.

ಜ್ವರ ಬರಲಿಲ್ಲ. ಲದ್ದಿಯಲ್ಲಿ ಹುಳದ ಮೊಟ್ಟೆ ಸಿಕ್ಕಿತು, ಔಷಧಿ ಕೊಟ್ಟಾಯಿತು. ಅದರ ರುಚಿಗೆ ಅವನು ಮೇಲ್ತುಟಿ ಮಡಚಿ ಮಾಡಿದ ಮುಖ ನೀನು ನೋಡಬೇಕಿತ್ತು. ಲಸಿಕೆಯೂ ಆಯಿತು. ಎದೆಯ ಸುತ್ತ ಅಳತೆ ಪಟ್ಟಿ ಹಿಡಿದರೆ ತೂಕ ಏರಿರುವುದು ಕಾಣುತ್ತದೆ. ಪಕ್ಕೆಲುಬು ಕಣ್ಣಿಗೆ ಬೀಳುತ್ತಿದ್ದದ್ದು ಈಗ ಕೈಗೆ ಮಾತ್ರ ಸಿಗುತ್ತದೆ.

ಒಬ್ಬನೇ ಬೇಜಾರು ಮಾಡಿಕೊಳ್ಳಬಾರದು ಅಂತ ಮಧ್ಯಾಹ್ನ ಹೊತ್ತು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತು ಅವನಿಗೆ ಪೇಪರ್ ಓದಿ ಹೇಳುತ್ತೇನೆ. ರಾಜಕೀಯ ಬಂದರೆ ನಿದ್ದೆ ಮಾಡುತ್ತಾನೆ. ಆಟದ ಪುಟ ಬಂದರೆ ಕಿವಿ ನಿಮಿರಿಸುತ್ತಾನೆ. ಮೊನ್ನೆ ಮುಖ್ಯಸ್ಥೆ ಬಾಗಿಲಲ್ಲಿ ನಿಂತು ನೋಡಿ, "ಇವಳಿಗೆ ಗಂಡನಿಗಿಂತ ಇವನೇ ವಾಸಿ," ಅಂದರು. ಗಂಡನೂ ಪಕ್ಕದಲ್ಲೇ ಇದ್ದ, ಹೌದು ಅಂತ ತಲೆ ಆಡಿಸಿದ.

ಇನ್ನು ಶುರು ಮಾಡಬಹುದಲ್ಲವೇ?

ಮೊಂಡಿ

*

ಏಪ್ರಿಲ್ ೪

ಮೊಂಡಿ,

ಏನು ಅವಸರ? ಕಾಲು ನೋಡಿಸಿದೆಯಾ? ಅವನ ಲಾಳಗಳು ನಾನು ಬೀಳುವುದಕ್ಕೂ ಮುಂಚೆ ಹೊಡೆಸಿದ ಅಳತೆಯವು. ಲಾಳ ಕೀಳಿಸಿ ಗೊರಸಿಗೆ ಸ್ವಲ್ಪ ದಿನ ಬಿಡುವು ಕೊಡಿಸು. ಮುಂದಿನ ಬಲಗಾಲಿನ ಗೊರಸು ಉಳಿದ ಮೂರಕ್ಕಿಂತ ಬೇಗ ಬೆಳೆಯುತ್ತದೆ. ಅದು ನಾನು ಹೇಳಿದರೇ ಗೊತ್ತಾಗಬೇಕು, ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ.

ರಕ್ತ ಪರೀಕ್ಷೆಯನ್ನೂ ಮಾಡಿಸು. ತೂಕ ಏರಿದೆ ಅಂತೀಯ, ಹಾಗಾದರೆ ನಾನು ಕಳಿಸಿದ ಜೀನು ಅವನ ಬೆನ್ನಿಗೆ ಈಗ ಬಿಗಿಯಾಗುತ್ತದೆ. ಜೀನು ಹೊಲಿಯುವವರನ್ನು ಕರೆಸಿ ಬೆನ್ನಿನ ಅಳತೆ ತೆಗೆಸು. ಬಿಗಿ ಜೀನಿನಲ್ಲಿ ಒಂದು ಸಲ ನೋವಾದರೆ ಆಮೇಲೆ ಜೀವಮಾನವಿಡೀ ಜೀನು ಕಂಡರೆ ಆಗುವುದಿಲ್ಲ.

ಪೇಪರ್ ಓದುವುದನ್ನು ನಿಲ್ಲಿಸು. ಅವನಿಗೆ ಗದ್ದಲ ಹಿಡಿಸುವುದಿಲ್ಲ. ಅವನು ಮರಿಯಾಗಿದ್ದಾಗಿನಿಂದ ನಾನು ಅವನ ಹತ್ತಿರ ಕೂತಿದ್ದೇನೆ, ಸುಮ್ಮನೆ ಕೂತಿದ್ದೇನೆ. ಈ ಸಾಲು ಬರೆಯುವಾಗ ಸೊಸೆ ಹಿಂದಿನಿಂದ ಬಗ್ಗಿ ನೋಡಿದಳು. "ಅತ್ತೆ, ಪೇಪರ್ ಓದಿದ್ರೆ ಕುದುರೆಗೆ ಏನಾಗುತ್ತೆ?" ಅಂದಳು. ಅವಳಿಗೆ ಎಲ್ಲದರಲ್ಲೂ ಮೂಗು ತೂರಿಸುವ ಅಭ್ಯಾಸ. "ಮತ್ತೆ ನಿಮ್ಮ ಪಟ್ಟಿ ಮುಗಿಯೋದು ಯಾವಾಗ?" ಅಂತಲೂ ಕೇಳಿದಳು. ಒಲೆ ಮೇಲೆ ಹಾಲಿದೆ ನೋಡು ಅಂತ ಕಳಿಸಿದೆ.

ನಿನ್ನ ಗಂಡ ಪಾಪ, ಅವನ ಕಡೆಗೂ ಸ್ವಲ್ಪ ಗಮನ ಕೊಡು.

ಅಕ್ಕ

*

ಏಪ್ರಿಲ್ ೨೨

ಅಕ್ಕಾ,

ಲಾಳದವರು ಬಂದಿದ್ದರು. ನಾಲ್ಕು ಕಾಲೂ ಎತ್ತಿ ನೋಡಿ, "ಇದನ್ನ ಸಾಕಿದವರು ಯಾರಮ್ಮ? ಇಂಥ ಗೊರಸು ನಾನು ನೋಡಿ ಬಹಳ ದಿನ ಆಯ್ತು," ಅಂದರು. ನಮ್ಮಕ್ಕ ಅಂತ ಜಂಬದಲ್ಲಿ ಹೇಳಿಕೊಂಡೆ. ಬಲಗಾಲಿನ ವಿಷಯ ನಾನು ಬಾಯಿ ಬಿಡುವ ಮೊದಲೇ ಅವರು ಹೇಳಿದರು, ಹೊರಗಿನವರಿಗೂ ಕಾಣುತ್ತದೆ ಅಂತಾಯಿತು. ಲಾಳ ಕಿತ್ತು, ಅಂಚು ಸವರಿ, ಬರಿಗಾಲಲ್ಲಿ ಬಿಟ್ಟಿದ್ದೇವೆ. ಮೊದಲೆರಡು ದಿನ ಜಲ್ಲಿಕಲ್ಲಿನ ಮೇಲೆ ಹೊಸ ಚಪ್ಪಲಿ ಕಳೆದುಕೊಂಡವನ ಹಾಗೆ ನಡೆದ. ಈಗ ಸರಿಹೋಗಿದ್ದಾನೆ. ರಕ್ತದಲ್ಲಿ ದೋಷವಿಲ್ಲ. ಜೀನನ್ನು ಎರಡು ಬೆರಳಷ್ಟು ಅಗಲ ಮಾಡಿಸಿದ್ದಾಯಿತು.

ಒಂದು ಮಾತು ಕೇಳಲಾ, ಕೋಪ ಮಾಡಿಕೊಳ್ಳಬೇಡ. ಶಾಲೆಗೆ ಹೊಸ ಕುದುರೆ ಬಂದಾಗೆಲ್ಲ ನೀನು ಇಷ್ಟೆಲ್ಲ ನೋಡುತ್ತಿದ್ದೆಯಾ? ನನಗೆ ನೆನಪಿರುವ ಹಾಗೆ ಹದಿನೈದು ದಿನಕ್ಕೆಲ್ಲ ಬೆನ್ನ ಮೇಲೆ ಕೂತಿರುತ್ತಿದ್ದೆ. ಮುಖ್ಯಸ್ಥೆ ದಿನಾ ಕೇಳುತ್ತಾರೆ. ಗಾಡಿಯವರು ಒಂದು ಸಲ ಬಂದು ಬೇಲಿಯಾಚೆ ನಿಂತು ನೋಡಿಕೊಂಡು ಹೋದರು. ಅವರ ಕುದುರೆಗಳ ಮೊಣಕಾಲು ನಾನು ನೋಡಿದ್ದೇನೆ, ಅದನ್ನು ಬರೆಯುವುದಿಲ್ಲ.

ಒಂದು ಒಳ್ಳೆಯ ಸುದ್ದಿ. ನಿನ್ನೆ ಸಂಜೆ ಮೈ ಉಜ್ಜುತ್ತಿದ್ದಾಗ ಸಾಹುಕಾರ ಕತ್ತು ತಿರುಗಿಸಿ ನನ್ನ ಹೆಗಲ ಮೇಲೆ ಗದ್ದ ಇಟ್ಟ. ಎಷ್ಟೋ ಹೊತ್ತು ಹಾಗೇ ಇಟ್ಟುಕೊಂಡಿದ್ದ. ನನಗೆ ಕೈಯಲ್ಲಿದ್ದ ಬ್ರಷ್ಷು ಇಳಿಸುವುದಕ್ಕೂ ಮನಸ್ಸಾಗಲಿಲ್ಲ.

ಮೊಂಡಿ

*

ಏಪ್ರಿಲ್ ೨೭

ಮೊಂಡಿ,

ಗದ್ದ ಇಡುವುದು ಕತ್ತಿನಲ್ಲಿ ತುರಿಕೆ ಇದ್ದಾಗ. ಬೇರೆ ಅರ್ಥ ಹಚ್ಚಬೇಡ. ಚರ್ಮದಲ್ಲಿ ಹುಳುಕಡ್ಡಿ ಇದೆಯೇ ನೋಡಿಸು.

ನಾನು ಹದಿನೈದು ದಿನಕ್ಕೆ ಹತ್ತುತ್ತಿದ್ದೆ, ನಿಜ. ನಾನು ಹತ್ತುತ್ತಿದ್ದೆ. ನೀನು ನಾನಲ್ಲ.

ಕಡಿವಾಣ ಹಾಕುವ ಮೊದಲು ಹಲ್ಲು ನೋಡಿಸಬೇಕು. ಊರ ಡಾಕ್ಟರ ಕೈಲಿ ಬೇಡ, ಕುದುರೆಯ ಹಲ್ಲಿನ ಕೆಲಸವನ್ನೇ ಮಾಡುವವರು ಬೇಕು. ಅವರು ಊರೂರು ಸುತ್ತುತ್ತಿರುತ್ತಾರೆ, ಸಿಗುವುದು ತಡವಾಗುತ್ತದೆ. ಪರವಾಗಿಲ್ಲ, ಕಾಯು. ಅಲ್ಲಿಯವರೆಗೆ ಬಾಯಿಗೆ ಕಬ್ಬಿಣ ಮುಟ್ಟಿಸಬೇಡ.

ತಲೆ ಒದರುವುದು ಮಾತ್ರ ಯಾವ ಡಾಕ್ಟರಿಗೂ ಬಗ್ಗುವುದಲ್ಲ. ಅದು ಅವನ ಸೊಕ್ಕು, ಅವನ ಹುಟ್ಟುಗುಣ. ಲಗಾಮು ಬಿಗಿ ಮಾಡಿದರೆ ತಲೆ ಆಕಾಶಕ್ಕೆ ಎಸೆಯುತ್ತಾನೆ. ನಾನು ಬಿದ್ದ ದಿನವೂ ಅದೇ ಆದದ್ದು. ಟಾರ್ಪಾಲು ಹಾರಿತು, ಅವನು ಬೆಚ್ಚಿದ, ನಾನು ಲಗಾಮು ಎಳೆದೆ, ಅವನು ಮುಂಗಾಲೆತ್ತಿ ನಿಂತ. ಎರಡು ವರ್ಷ ಅಂಥವನನ್ನು ನಾನೊಬ್ಬಳೇ ಹಿಡಿದಿದ್ದೇನೆ. ನಿನ್ನ ಕೈಗೆ ಅದು ದಕ್ಕುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ನಿನಗೆ ಬೇಸರ ಮಾಡಲು ಹೇಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ.

ಪರೀಕ್ಷೆಯಲ್ಲಿ ಫೇಲಾದರೆ ಗಾಡಿಯವರಿಗೆ ಕೊಡಬೇಡ. ಮಗನ ಸ್ನೇಹಿತನಿಗೆ ಈ ಊರಿನ ಹೊರಗೆ ಜಮೀನಿದೆ. ಅಲ್ಲಿ ಕಟ್ಟಿಕೊಳ್ಳಬಹುದೇ ಅಂತ ಕೇಳಿದ್ದೇನೆ, ಹೂಂ ಅಂದಿದ್ದಾನೆ. ಇಲ್ಲಿಂದ ಒಂದೇ ಬಸ್ಸು. ನಾನು ದಿನಾ ಹೋಗಿ ಬರಬಹುದು.

ಅಕ್ಕ

*

ಮೇ ೨೧

ಅಕ್ಕಾ,

ಹಲ್ಲಿನ ಡಾಕ್ಟರಿಗೆ ಕಾದು ಕಾದು ಸಾಕಾಯಿತು. ಅಂತೂ ಕಳೆದ ವಾರ ಬಂದರು. ಇಷ್ಟು ದೊಡ್ಡ ಆಳು, ಆದರೆ ಮಾತು ಮಾತ್ರ ಮಗುವಿಗೆ ಲಾಲಿ ಹೇಳಿದ ಹಾಗೆ. ಸಾಹುಕಾರನಿಗೆ ಮಂಪರಿನ ಸೂಜಿ ಕೊಟ್ಟು, ಬಾಯಿಗೆ ಕಬ್ಬಿಣದ ಚೌಕಟ್ಟು ಹಾಕಿ ಅಗಲಿಸಿ, ಹಣೆಗೆ ದೀಪ ಕಟ್ಟಿಕೊಂಡು ಮೊಣಕೈವರೆಗೆ ಒಳಗೆ ಕೈ ಹಾಕಿದರು. ನಾನು ಅವನ ತಲೆಯನ್ನು ಎದೆಗೆ ಆನಿಸಿ ಹಿಡಿದಿದ್ದೆ.

ಸ್ವಲ್ಪ ಹೊತ್ತಿಗೆ ಅವರ ಕೈ ಒಂದು ಕಡೆ ನಿಂತಿತು. ಆಮೇಲೆ ನನ್ನ ಬೆರಳು ಹಿಡಿದು ಒಳಗೆ ಒಂದು ಕಡೆ ಮುಟ್ಟಿಸಿದರು. ದವಡೆ ಹಲ್ಲಿನ ಮುಂದೆ, ಸರಿಯಾಗಿ ಕಡಿವಾಣ ಕೂರುವ ಜಾಗದಲ್ಲಿ, ಒಸಡಿನ ಕೆಳಗೆ ಕಡಲೆ ಗಾತ್ರದ ಗಂಟು. ಅದು ಹೊರಗೆ ಬಾರದೆ ಅಡ್ಡ ಬೆಳೆದು ಹೂತುಕೊಂಡ ಹಲ್ಲಂತೆ. "ಕಡಿವಾಣ ಎಳೆದಾಗೆಲ್ಲ ಇದಕ್ಕೆ ಹೊಡೆಯುತ್ತೆ. ನಮಗೆ ಹಲ್ಲುನೋವಿನ ಮೇಲೆ ಸುತ್ತಿಗೇಲಿ ಕುಟ್ಟಿದ ಹಾಗೆ. ತಲೆ ಒದರದೆ ಇನ್ನೇನ್ ಮಾಡ್ತಾನೆ ಪಾಪ," ಅಂದರು. ಹೊರಗಿನಿಂದ ನೋಡಿದರೆ ಯಾರಿಗೂ ಕಾಣುವಂಥದ್ದಲ್ಲ ಅಂತಲೂ ಹೇಳಿದರು. ಒಸಡು ಬಿಡಿಸಿ ತೆಗೆದರು. ಕೆನ್ನೆಯ ಒಳಗೆ ಕುಯ್ಯುತ್ತಿದ್ದ ಚೂಪು ಅಂಚುಗಳನ್ನೂ ಉಜ್ಜಿ ನುಣುಪು ಮಾಡಿದರು.

ಅಕ್ಕಾ, ನಿನಗೆ ಹೇಗೆ ಗೊತ್ತಾಯಿತು? ಊರ ಡಾಕ್ಟರು ಎರಡು ಸಲ ಬಾಯಿ ನೋಡಿ ಚೆನ್ನಾಗಿದೆ ಅಂದಿದ್ದರು. ನೀನು ಹಟ ಹಿಡಿದು ಬರೆಯದಿದ್ದರೆ ನಾನು ಆ ಹಲ್ಲಿನ ಮೇಲೇ ಕಡಿವಾಣ ಹಾಕುತ್ತಿದ್ದೆ. ಅವನು ತಲೆ ಒದರುತ್ತಿದ್ದ, ಪರೀಕ್ಷೆಯಲ್ಲಿ ಫೇಲಾಗುತ್ತಿದ್ದ, ಗಾಡಿಗೆ ಹೋಗುತ್ತಿದ್ದ. ನಾಲ್ಕನೇ ಮಹಡಿಯಲ್ಲಿ ಕೂತು ಅವನ ಒಸಡಿನೊಳಗೆ ನೋಡಿದ್ದೀಯ. ಮುಖ್ಯಸ್ಥೆ ಎಲ್ಲರಿಗೂ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದಾರೆ. ನಿನಗೆ ಅಂತ ಒಂದು ಬುಟ್ಟಿ ಸೇಬು ಕಳಿಸುತ್ತಾರಂತೆ.

ನಾನೂ ಒಂದು ವಿಷಯದಲ್ಲಿ ನಿನ್ನನ್ನು ತಪ್ಪು ತಿಳಿದಿದ್ದೆ. ಯಾವುದು ಅಂತ ಬರೆಯುವುದಿಲ್ಲ, ನೀನು ನಗುತ್ತೀಯ.

ಮೊಂಡಿ

*

ಜೂನ್ ೮

ಅಕ್ಕಾ,

ಯಾಕೆ ಕಾಗದವಿಲ್ಲ? ಜಗಳವಾದರೂ ಆಗಲಿ ಅಂತ ಫೋನ್ ಮಾಡಿದೆ. ಸೊಸೆ ಎತ್ತಿದಳು. "ಅತ್ತೆ ಮಲಗಿದ್ದಾರೆ, ಚಿಕ್ಕಮ್ಮ," ಅಂದಳು. ಬೆಳಿಗ್ಗೆ ಹತ್ತು ಗಂಟೆಗೆ ನೀನು ಮಲಗಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಮೈಗೆ ಹುಷಾರಿಲ್ಲವಾ? ಸೇಬಿನ ಬುಟ್ಟಿ ಬಂತಾ?

ಗಾಯ ಪೂರ್ತಿ ಮಾಗಿದೆ. ಡಾಕ್ಟರು ಸರಿ ಅಂದ ಮೇಲೆ ಮೆತ್ತನೆಯ ಕಡಿವಾಣ ಹಾಕಿದೆವು. ಅವನು ಕಣ್ಣು ಅಗಲಿಸಿದ, ನೋವಿಗೆ ಕಾಯುವವನ ಹಾಗೆ. ನೋವು ಬರಲಿಲ್ಲ. ನಾಲಿಗೆಯಿಂದ ಒಂದು ಸಲ ತಡಕಿದ. ಮತ್ತೆ ತಡಕಿದ. ಆಮೇಲೆ ಉಸಿರು ಬಿಟ್ಟು ತಲೆ ತಗ್ಗಿಸಿದ. ಅಷ್ಟೇ, ಆವತ್ತಿನಿಂದ ತಲೆ ಒದರಿಲ್ಲ. ಮರಳಿನ ಚೀಲ ಹೊರಿಸಿ ನಡೆಸಿದೆವು. ಮೊನ್ನೆ ನಾನೇ ಕೂತೆ. ಹೊಳೆಯ ಮೇಲೆ ದೋಣಿ ಹೋದ ಹಾಗೆ ಹೋದ.

ಪರೀಕ್ಷೆ ಇಪ್ಪತ್ತೆಂಟಕ್ಕೆ. ಎರಡು ಸಾಲಾದರೂ ಬರೆ.

ಮೊಂಡಿ

*

ಜೂನ್ ೧೩

ನಿನಗೆ ಬೇಕಾದ ಎರಡು ಸಾಲು ಇಲ್ಲಿದೆ. ನನಗೆ ಗೊತ್ತಿರಲಿಲ್ಲ. ಏನೂ ಗೊತ್ತಿರಲಿಲ್ಲ.

ಗೊತ್ತಿದ್ದಿದ್ದರೆ ಎರಡು ವರ್ಷ ಅವನ ಬಾಯಿ ಎಳೆಯುತ್ತಿದ್ದೆನಾ? ಬೀಳುತ್ತಿದ್ದೆನಾ? ಈ ಕುರ್ಚಿಯಲ್ಲಿ ಕೂರುತ್ತಿದ್ದೆನಾ? ಟಾರ್ಪಾಲು, ಸೊಕ್ಕು, ಹುಟ್ಟುಗುಣ ಅಂತ ಊರಿಗೆಲ್ಲ ಹೇಳಿಕೊಂಡು ಬಂದೆ. ಕಡಲೆ ಗಾತ್ರದ ಹಲ್ಲು. ನಿನ್ನ ಮುಖ್ಯಸ್ಥೆಗೆ ಹೇಳು, ನಿಮ್ಮ ಮಹಾಜ್ಞಾನಿಗೆ ಕುದುರೆಯ ಬಾಯಿಗೆ ಒಂದು ಸಲ ಬೆರಳು ಹಾಕಿ ನೋಡುವ ಬುದ್ಧಿ ಬರಲಿಲ್ಲ ಅಂತ. ಸೇಬನ್ನು ಸೊಸೆ ಮಹಡಿಯ ಮನೆಗಳಿಗೆಲ್ಲ ಹಂಚಿದಳು. ನಾನು ಒಂದೂ ಮುಟ್ಟಲಿಲ್ಲ.

ಹಲ್ಲು ನೋಡಿಸು ಅಂತ ಯಾಕೆ ಬರೆದೆ ಗೊತ್ತಾ? ಆ ಡಾಕ್ಟರು ಸಿಗುವುದು ತಡ ಅಂತ. ಲಾಳ, ರಕ್ತ, ಜೀನು, ಎಲ್ಲ ಅದಕ್ಕೇ. ನೀನು ಹತ್ತುವ ದಿನ ಮುಂದೆ ಹೋಗಲಿ, ಜೂನ್ ಬಂದುಬಿಡಲಿ, ಅವನು ಫೇಲಾಗಲಿ, ಬಸ್ಸಿನ ದಾರಿಯ ಜಮೀನಿಗೆ ಬರಲಿ ಅಂತ. ಬೇರೆಯವರು ಹತ್ತುವವರೆಗೆ ಅವನು ನನ್ನವನೇ ಅಂತ ಲೆಕ್ಕ ಹಾಕಿದ್ದೆ. ಆದರೆ ಏನಾಯಿತು ನೋಡು. ನಾನು ಒಂದೊಂದು ಆರೈಕೆ ಹೇಳಿದಾಗಲೂ ನೀನು ಅವನ ಪಕ್ಕ ಮತ್ತಷ್ಟು ದಿನ ಕೂತೆ. ಹುಳ ತೆಗೆಸಿದವಳು ನೀನು, ಕಾಲು ಹಗುರ ಮಾಡಿದವಳು ನೀನು, ನೋವು ಕಿತ್ತವಳು ನೀನು. ನನ್ನ ಕೈಯಾರೆ ನಾನೇ ದೂಡಿಕೊಟ್ಟ ಹಾಗಾಯಿತು.

ನನ್ನ ಕೈಯಲ್ಲಿ ಅವನಿಗೆ ನೋವು, ನಿನ್ನ ಕೈಯಲ್ಲಿ ಸುಖ. ಇನ್ನು ಅವನ ಸುದ್ದಿ ಬರೆಯಬೇಡ.

*

ಜೂನ್ ೧೭

ಅಕ್ಕಾ,

ಬರೆಯಬೇಡ ಅಂದಿದ್ದೀಯ. ನನ್ನ ಹೆಸರೇ ಮೊಂಡಿ, ನಾನು ಯಾವಾಗ ನಿನ್ನ ಮಾತು ಕೇಳಿದ್ದೇನೆ?

ಬಂದ ದಿನ ಬಕೆಟ್ ಖಾಲಿ ಮಾಡಿದ ಅಂತ ಬರೆದೆನಲ್ಲ, ಅದು ಹಸಿ ಸುಳ್ಳು. ಅವನು ಒಂದು ಕಾಳೂ ಮುಟ್ಟಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಲಾರಿ ಹೋದ ದಾರಿಗೆ ಮುಖ ಮಾಡಿ ನಿಂತುಬಿಟ್ಟಿದ್ದ. ನಾನು ಬೆಲ್ಲದ ನೀರು, ಕ್ಯಾರೆಟ್ಟು, ಹಸಿ ಹುಲ್ಲು ಎಲ್ಲ ಹಿಡಿದುಕೊಂಡು ಹೋದೆ. ನನ್ನ ಕೈ ನೋಡಿ ಮುಖ ತಿರುಗಿಸಿದ. ಅದನ್ನು ನಿನಗೆ ಬರೆಯಬೇಕಿತ್ತು. ನೀನು ಎಷ್ಟು ಖುಷಿಪಡುತ್ತೀಯ ಅನ್ನುವುದು ಕಣ್ಣಿಗೆ ಕಟ್ಟಿತು. ಹೊಟ್ಟೆ ಉರಿದು ಖಾಲಿ ಮಾಡಿದ ಅಂತ ಬರೆದೆ.

ಕೊನೆಗೆ ತಿನ್ನಿಸಿದ್ದು ಹೇಗೆ ಗೊತ್ತಾ? ನಾಲ್ಕನೇ ದಿನ ರೇಗಿಹೋಗಿ ಬಕೆಟ್ ಕುಕ್ಕಿ, ನೀನು ಬೈಯುವ ಹಾಗೆಯೇ ಬೈದೆ. "ಏನಪ್ಪ ಸಾಹುಕಾರ, ಎಲೆ ಹಾಕಿ ಬಡಿಸಬೇಕಾ ನಿನಗೆ?" ಅಂತ. ನಮ್ಮಿಬ್ಬರ ದನಿ ಒಂದೇ ಅಲ್ಲವಾ, ಫೋನಿನಲ್ಲಿ ಅಮ್ಮನೇ ಮೋಸ ಹೋಗುತ್ತಿದ್ದಳು. ಅವನ ಎರಡು ಕಿವಿಯೂ ಗಕ್ಕನೆ ಈ ಕಡೆ ತಿರುಗಿದವು. ಸುತ್ತ ನೋಡಿದ, ನೀನು ಎಲ್ಲಿದ್ದೀಯ ಅಂತ. ಮತ್ತೆ ಬೈದೆ. ಬಕೆಟ್ಟಿಗೆ ಬಾಯಿ ಹಾಕಿದ.

ಆವತ್ತಿನಿಂದ ಅವನ ಹತ್ತಿರ ನಾನು ನೀನಾಗಿಯೇ ಮಾತಾಡುತ್ತಿದ್ದೇನೆ. ಪೇಪರ್ ಓದಿದ್ದು ನಿನ್ನ ದನಿಯಲ್ಲಿ, ಎಳೆದೆಳೆದು, ನಡುನಡುವೆ ಗೊಣಗಿಕೊಂಡು. ಗದ್ದ ಇಟ್ಟದ್ದು ಆ ದನಿಗೆ. ಹೆಗಲು ಮಾತ್ರ ನನ್ನದು. ನನ್ನ ಸ್ವಂತ ದನಿಯಲ್ಲಿ ಕರೆದರೆ ಈಗಲೂ ಹುಲ್ಲು ಜಗಿಯುತ್ತಾ ನಿಂತಿರುತ್ತಾನೆ. ನಿನಗೊಬ್ಬಳಿಗೇ ಹೊಟ್ಟೆಕಿಚ್ಚು ಅಂದುಕೊಂಡಿದ್ದೆಯಾ?

ಪರೀಕ್ಷೆಗೆ ಬಾ. ನಿನ್ನನ್ನು ಕರೆದುಕೊಂಡು ಬರಲು ಗಂಡನನ್ನೇ ಕಳಿಸುತ್ತೇನೆ.

ಮೊಂಡಿ

*

ಜೂನ್ ೨೨

ಮೊಂಡಿ,

ಬರುವುದಿಲ್ಲ. ಸೊಂಟದ ನೆಪ ಹೇಳಬಹುದಿತ್ತು, ಹೇಳುವುದಿಲ್ಲ. ನೀನು ಅವನ ಹಗ್ಗ ಹಿಡಿದುಕೊಂಡು ನಿಂತಿರುವುದನ್ನು ನೋಡಲು ನನಗೆ ಇನ್ನೂ ಆಗುವುದಿಲ್ಲ.

ನಿನ್ನ ಕಾಗದವನ್ನು ಸೊಸೆಯ ಕೈಲಿ ಇನ್ನೊಂದು ಸಲ ಓದಿಸಿಕೊಂಡೆ. ಅವನು ನನ್ನನ್ನು ಮರೆತಿಲ್ಲ ಅಂತ ಖುಷಿಪಡಲೋ, ನಿನ್ನ ಬಾಯಿಗೆ ಮೋಸ ಹೋದ ಅಂತ ಅಳಲೋ ತಿಳಿಯಲಿಲ್ಲ. ಸೊಸೆ, "ಎರಡೂ ಮಾಡಿ ಅತ್ತೆ, ಟೈಮಿದೆ," ಅಂದಳು.

ಜಮೀನಿನವನಿಗೆ ಬೇಡ ಅಂತ ಹೇಳಿಬಿಟ್ಟಿದ್ದೇನೆ. ಸಾಹುಕಾರ ಪಾಸಾಗಲಿ.

ಅಕ್ಕ

*

ಜೂನ್ ೩೦

ಅಕ್ಕಾ,

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಪರೀಕ್ಷೆಗೆ ಕೂರಿಸಲು ಮುಖ್ಯಸ್ಥೆ ಒಬ್ಬ ನಿವೃತ್ತ ಬಸ್ ಕಂಡಕ್ಟರರನ್ನು ಆರಿಸಿದ್ದರು. ಲಕ್ವ ಹೊಡೆದು ಬಲಭಾಗ ಬಿದ್ದಿದೆ. ಮಾತೂ ಹೋಗಿದೆ. ಬಾಯಿ ತೆರೆಯುತ್ತಾರೆ, ಶಬ್ದ ಹೊರಡುವುದಿಲ್ಲ. ನೀರು ಬೇಕಾದರೆ ಲೋಟ ತೋರಿಸುತ್ತಾರೆ. ಅವರ ಹೆಂಡತಿ ಗಾಲಿಕುರ್ಚಿ ತಳ್ಳಿಕೊಂಡು ಬಂದರು. "ಇವರಿಗೆ ಬಸ್ಸಲ್ಲಿ ಬಾಗಿಲ ಹತ್ರ ನಿಂತೇ ಅಭ್ಯಾಸ, ಕೂತಿದ್ದೇ ಇಲ್ಲ. ಕುದುರೆ ಮೇಲೆ ಹೇಗ್ ಕೂರ್ತಾರೋ," ಅಂದರು.

ಇಳಿಜಾರಿನ ಕಟ್ಟೆಯಿಂದ ಮೂವರು ಸೇರಿ ಕೂರಿಸಿದೆವು. ಎರಡೂ ಪಕ್ಕದಲ್ಲಿ ಒಬ್ಬೊಬ್ಬರು ನಿಂತರು. ಅವರ ಭಾರ ಒಂದೇ ಕಡೆ ಜಗ್ಗುತ್ತಿತ್ತು. ಸಾಹುಕಾರ ಕಾಲು ಸ್ವಲ್ಪ ಅಗಲಿಸಿ ಆ ಭಾರವನ್ನು ಸರಿತೂಗಿಸಿಕೊಂಡು ನಿಂತ. ತಲೆ ಅಲುಗಲಿಲ್ಲ. ಅಲ್ಲಿಯವರೆಗೆ ಎಲ್ಲ ಸರಿ.

ಮುಖ್ಯಸ್ಥೆ ನಡೆಸಿ ಅಂದರು. ನಾನು ಹಗ್ಗ ಹಿಡಿದು ನಿನ್ನ ದನಿಯಲ್ಲಿ, "ನಡಿಯಪ್ಪ ಸಾಹುಕಾರ," ಅಂದೆ. ಅವನು ಕದಲಲಿಲ್ಲ. ಮತ್ತೆ ಹೇಳಿದೆ. ಒಂದು ಕಿವಿಯನ್ನೂ ನನ್ನ ಕಡೆ ತಿರುಗಿಸಲಿಲ್ಲ. ಎರಡೂ ಕಿವಿ ಹಿಂದಕ್ಕೆ, ಬೆನ್ನ ಮೇಲೆ ಕೂತವರ ಕಡೆಗೆ ಇದ್ದವು. ಮುಖ್ಯಸ್ಥೆ ಗಡಿಯಾರ ನೋಡಿದರು. ಬೇಲಿಯ ಹತ್ತಿರ ಗಾಡಿಯವರು ಬಂದು ನಿಂತಿದ್ದರು.

ಆಗ ಕಂಡಕ್ಟರು ಎಡಗೈ ಎತ್ತಿ ಜೀನಿನ ಮುಂಭಾಗಕ್ಕೆ ಎರಡು ಸಲ ತಟ್ಟಿದರು, ಬಸ್ಸಿನ ತಗಡಿಗೆ ತಟ್ಟುವ ಹಾಗೆ. "ರೈಟ್," ಅಂದರು.

ಸಾಹುಕಾರ ಹೊರಟ.

ನಾನು ಹಗ್ಗ ಎಳೆಯಲಿಲ್ಲ ಅಕ್ಕ, ಸಡಿಲ ಬಿಟ್ಟು ಪಕ್ಕದಲ್ಲಿ ನಡೆದೆ. ತಿರುವಿನಲ್ಲಿ ಮತ್ತೆ ಒಂದು ತಟ್ಟು, "ಹೋಲ್ಡಾನ್". ನಿಂತ. ಮತ್ತೆ ಎರಡು ತಟ್ಟು, "ರೈಟ್ ರೈಟ್". ನಡೆದ. ಅವರಿಗೆ ಬೇರೆ ಯಾವ ಮಾತೂ ಬರಲಿಲ್ಲ, ಈ ಎರಡೇ. ಆದರೆ ಒಂದೊಂದು ಸಲಕ್ಕೂ ದನಿ ಏರುತ್ತಿತ್ತು. ಅವರ ಹೆಂಡತಿ ಗಾಲಿಕುರ್ಚಿಯಲ್ಲಿ ತಾವೇ ಕೂತುಬಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಅಂಗಳ ಪೂರ್ತಿ ಸುತ್ತಿ ಬರುವವರೆಗೆ ನೋಡುತ್ತಿದ್ದರು. ಮುಖ್ಯಸ್ಥೆ ಗಾಡಿಯವರ ಹತ್ತಿರ ಹೋಗಿ, "ನೀವು ಬೇರೆ ಕಡೆ ನೋಡ್ಕೊಳ್ಳಿ," ಅಂದರು.

ಅವನು ಪಾಸಾದ. ಇಲ್ಲೇ ಉಳಿಯುತ್ತಾನೆ.

ನನಗೆ ಅಳು ಬಂತು. ಆದರೆ ನಿನಗೆ ಸುಳ್ಳು ಬರೆದು ಸಾಕಾಗಿದೆ, ನಿಜ ಹೇಳುತ್ತೇನೆ. ಮೂರು ತಿಂಗಳು ನಿನ್ನ ದನಿ ಕದ್ದು ಅವನನ್ನು ಒಲಿಸಿಕೊಂಡವಳು ನಾನು. ಯಾರೋ ಬಂದು ಎರಡು ಸಲ ತಟ್ಟಿದ ಮಾತ್ರಕ್ಕೆ ಅವರವನಾಗಿಬಿಟ್ಟ. ಅವರನ್ನು ಕೆಳಗಿಳಿಸುವಾಗ ನನಗೆ ಒಂದು ಗಳಿಗೆ ಅವರ ಮೇಲೆ ಕೋಪ ಬಂದಿತ್ತು. ಯಾರ ಹತ್ತಿರ ಹೇಳಿಕೊಳ್ಳಲಿ? ನಿನಗೊಬ್ಬಳಿಗೇ ಅರ್ಥವಾಗುತ್ತದೆ.

ಮೊಂಡಿ

*

ಜುಲೈ ೫

ಮೊಂಡಿ,

ನಿನ್ನ ಕಾಗದ ಓದಿ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು, ಸೊಂಟ ಹಿಡಿದುಕೊಂಡು ನಗಬೇಕಾಯಿತು. ಸೊಸೆ ಅಡುಗೆಮನೆಯಿಂದ ಓಡಿ ಬಂದು, "ಅತ್ತೆ, ಅಳ್ತಿದ್ದೀರೋ ನಗ್ತಿದ್ದೀರೋ?" ಅಂದಳು. ಕಾಗದ ಅವಳ ಕೈಗೆ ಕೊಟ್ಟೆ. ಅವಳು ಓದಿ ಮುಗಿಸಿ ಸುಮ್ಮನೆ ಹೋಗಿ ನನ್ನ ಪೆಟ್ಟಿಗೆ ಇಳಿಸಿದಳು. ಕೇಳಲೂ ಇಲ್ಲ.

ಶುಕ್ರವಾರದ ಬಸ್ಸಿಗೆ ಬರುತ್ತೇನೆ. ಮಗ ಟಿಕೆಟ್ ತೆಗೆಸಿದ್ದಾನೆ. ನಿನ್ನ ಗಂಡನನ್ನು ಕಳಿಸಬೇಡ, ಅವನು ದಾರಿಯಿಡೀ ಮಾತಾಡುತ್ತಾನೆ. ನಿಲ್ದಾಣದಲ್ಲಿ ಆಟೋ ಸಿಗುತ್ತದೆ.

ಕಂಡಕ್ಟರು ವಾರಕ್ಕೆ ಎಷ್ಟು ಸಲ ಬರುತ್ತಾರೆ? ಅವರು ಬರುವ ದಿನ ನಾನು ನೋಡಬೇಕು. ಮುಟ್ಟುವುದಿಲ್ಲ, ಬೇಲಿಯ ಆಚೆಯೇ ನಿಲ್ಲುತ್ತೇನೆ. ಹಲ್ಲಿನ ಡಾಕ್ಟರಿಗೆ ವರ್ಷಕ್ಕೊಮ್ಮೆಯಾದರೂ ಬರಲು ಈಗಲೇ ಹೇಳಿಡು. ಇದು ತಡ ಮಾಡಿಸುವುದಕ್ಕಲ್ಲ, ನಿಜವಾಗಿಯೂ ಬೇಕು.

ಹೊಟ್ಟೆಕಿಚ್ಚು ಹೋಯಿತು ಅಂತ ತಿಳಿಯಬೇಡ. ಇದೆ. ಅದಕ್ಕೇ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಲಾಯದ ಬಾಗಿಲಲ್ಲಿ ನಿಂತು ಅವನನ್ನು ಕರೆಯುತ್ತೇನೆ. ತಿರುಗಿ ನೋಡುತ್ತಾನೋ ಇಲ್ಲವೋ, ಅದು ನನಗೂ ಅವನಿಗೂ ಬಿಟ್ಟದ್ದು. ನಾನು ಅಲ್ಲಿರುವಷ್ಟು ದಿನ ನೀನು ಮಾತ್ರ ಅವನ ಮುಂದೆ ಬಾಯಿ ತೆರೆಯಕೂಡದು.

ಅಕ್ಕ